ಗುಡ್ಡದ ಮೇಲೆ ಮನೆ ಕಟ್ಟುವವರನ್ನು ಕೇಳಬೇಕಾದ ಪ್ರಶ್ನೆ

2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಬೋಡಿನಾಯಕನೂರಿನ ಮೇಲಿರುವ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಚಾರಣಿಗರು ಸತ್ತರು. ಒಣಹುಲ್ಲಿನ ಇಳಿಜಾರಿನಲ್ಲಿ ಬೆಂಕಿ ಕೆಳಗಿನಿಂದ ಮೇಲಕ್ಕೆ ಓಡಿ ಬಂದಾಗ ಅವರಿಗೆ ತಪ್ಪಿಸಿಕೊಳ್ಳಲು ದಾರಿ ಸಿಗಲಿಲ್ಲ. ಸರ್ಕಾರ ಹಿರಿಯ ಅಧಿಕಾರಿ ಅತುಲ್ಯ ಮಿಶ್ರಾ ಅವರಿಂದ ತನಿಖೆ ಮಾಡಿಸಿತು, ಅದೇ ವರ್ಷ ಚಾರಣಕ್ಕೆ ನಿಯಮಗಳೂ ಬಂದವು. ಆಗಬೇಕಾದದ್ದೇ ಆಯಿತು. ಆದರೆ ಕಾಡಂಚಿನಲ್ಲಿ ಒಂದು ದಿನ ನಡೆದು ಹೋಗುವವರಿಗೆ ಇರುವ ಬೆಂಕಿಯ ಭಯ, ಅಲ್ಲೇ ಗೋಡೆ ಎಬ್ಬಿಸಿ ವರ್ಷಪೂರ್ತಿ ಜನರನ್ನು ಮಲಗಿಸುವವರಿಗೆ ಇರಬೇಡವೇ?

ತಮಿಳುನಾಡಿನ ಗುಡ್ಡಗಾಡುಗಳಲ್ಲಿ ಕಟ್ಟಡಕ್ಕೆ ನಿಯಮಗಳಿಲ್ಲ ಎನ್ನುವಂತಿಲ್ಲ. 1990ರಿಂದ ಅಲ್ಲಿ ಗುಡ್ಡಪ್ರದೇಶಗಳ ಸಂರಕ್ಷಣಾ ಪ್ರಾಧಿಕಾರವಿದೆ. 2019ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ನಿಯಮಾವಳಿಯೂ ಬಂತು. ಇವೆಲ್ಲ ಮುಖ್ಯವಾಗಿ ವಿಚಾರಿಸುವುದು ಮಣ್ಣು ಕುಸಿದೀತೇ, ನೀರು ಎತ್ತ ಹರಿದೀತು, ಕಟ್ಟಡದ ಎತ್ತರ ಎಷ್ಟು ಎಂದು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಬೆಂಕಿಯ ಭಾಗವೂ ಹೆಚ್ಚಾಗಿ ಒಳಗೆ ಹೊತ್ತಿದ ಬೆಂಕಿಯಿಂದ ಜನ ಹೊರಗೆ ಬರುವುದನ್ನು ಯೋಚಿಸುತ್ತದೆ. ಹೊರಗಿನಿಂದ ಬರುವ ಬೆಂಕಿಯನ್ನು ನಕ್ಷೆಗೆ ಸಹಿ ಹಾಕುವ ಹಂತದಲ್ಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಆ ಹೊಣೆ ಪಂಚಾಯಿತಿ ಮತ್ತು ಪುರಸಭೆಯ ಮೇಲಿರಬೇಕು ಎಂಬುದು ನನ್ನ ವಾದ.

ಕಾಡ್ಗಿಚ್ಚಿನಲ್ಲಿ ಮನೆ ಸುಡುವ ಬಗೆಯನ್ನು ನಾವು ತಪ್ಪಾಗಿ ಕಲ್ಪಿಸಿಕೊಳ್ಳುತ್ತೇವೆ. ಜ್ವಾಲೆಯ ಗೋಡೆಯೇ ಬಂದು ಅಪ್ಪಳಿಸುವುದು ಕಡಿಮೆ. ಬಹಳಷ್ಟು ಮನೆಗಳನ್ನು ಸುಡುವುದು ಗಾಳಿಯಲ್ಲಿ ಹಾರಿಬರುವ ಕಿಡಿ. ಕೊಡೈಕೆನಾಲಿನ ಪೈನ್ ತೋಪಿನ ಪಕ್ಕದ ಮನೆಯೊಂದರ ಮಾಡನ್ನು ಫೆಬ್ರವರಿಯಲ್ಲಿ ನೋಡಬೇಕು. ಮಳೆನೀರಿನ ದಂಬೆಯ ತುಂಬ ಒಣಗಿದ ಸೂಜಿ ಎಲೆ, ತಗಡಿಗೂ ಗೋಡೆಗೂ ನಡುವೆ ಬೆರಳು ತೂರುವಷ್ಟು ಸಂದು, ಸೂರಿನಡಿ ಗೋಡೆಗೆ ಆನಿಸಿ ಒಟ್ಟಿದ ಸೌದೆ, ಅದರ ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್. ದೂರದ ಇಳಿಜಾರಿನಲ್ಲಿ ಬೆಂಕಿ ಎದ್ದರೂ ಇಲ್ಲಿಗೆ ಒಂದು ಕಿಡಿ ಸಾಕು. ಸಂದಿಗೆ ಸಣ್ಣ ಕಣ್ಣಿನ ಲೋಹದ ಜಾಲರಿ, ಗೋಡೆಯ ಸುತ್ತ ಒಂದೆರಡು ಮೀಟರ್ ಬರೀ ಕಲ್ಲು ಅಥವಾ ಮಣ್ಣು, ಸೌದೆಗೆ ಬೇರೆ ಜಾಗ: ಇದಕ್ಕೆ ದೊಡ್ಡ ದುಡ್ಡೇನೂ ಬೇಡ. ಕ್ಯಾಲಿಫೋರ್ನಿಯಾ 2008ರಿಂದ ಬೆಂಕಿಪ್ರದೇಶದ ಹೊಸ ಮನೆಗಳಿಗೆ ಇಂಥ ನಿಯಮಗಳನ್ನು ಕಡ್ಡಾಯ ಮಾಡಿದೆ. ಆದರೂ 2018ರ ನವೆಂಬರಿನಲ್ಲಿ ಅಲ್ಲಿನ ಪ್ಯಾರಡೈಸ್ ಪಟ್ಟಣ ಸುಟ್ಟು 85 ಜನ ಸತ್ತರು. ಅಲ್ಲಿನ ಬಹುಪಾಲು ಮನೆಗಳು ನಿಯಮಕ್ಕಿಂತ ಹಳೆಯವು. ಇದ್ದ ಮನೆಗಳನ್ನು ಬಿಟ್ಟು ಹೊಸದಕ್ಕೆ ಮಾತ್ರ ನಿಯಮ ಮಾಡಿದರೆ ಸಾಲದು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಇದಕ್ಕೆ ಎರಡು ಆಕ್ಷೇಪಗಳು ಏಳುತ್ತವೆ. ಮೊದಲನೆಯದು ಗಟ್ಟಿಯಾದದ್ದು. ಮನೆಯ ಸುತ್ತ ಬೋಳು ಮಾಡಿ ಎಂದರೆ ಮರ ಕಡಿಯುವವರಿಗೆ ನೆಪ ಸಿಗುತ್ತದೆ, ಬೇರು ಸತ್ತ ಇಳಿಜಾರು ಮುಂದಿನ ಮಳೆಗೆ ಜಾರುತ್ತದೆ. ಹಾಗಾಗಿ ನಿಯಮ ಮರದ ಬಗ್ಗೆ ಅಲ್ಲ, ನೆಲದ ಮೇಲಿನ ಒಣಹುಲ್ಲು ಮತ್ತು ತರಗಿನ ಬಗ್ಗೆ ಇರಬೇಕು. ಶೋಲಾ ಕಾಡಿನ ತೇವದ ಮರಗಳು ಬೆಂಕಿಗೆ ಸುಲಭದ ತುತ್ತಲ್ಲ. ಮನುಷ್ಯ ತಂದು ನೆಟ್ಟ ಪೈನ್ ಮತ್ತು ನೀಲಗಿರಿಯ ಮಾತು ಬೇರೆ. ಮರ ಉಳಿಸಿ, ತರಗು ಗುಡಿಸಿ ಎಂದು ನಿಯಮದಲ್ಲೇ ಬರೆಯಬಹುದು.

ಎರಡನೆಯದು ಬಡವರ ಕುರಿತದ್ದು. ಪಳಿಯರು, ಮುದುವರು ಮುಂತಾದ ಆದಿವಾಸಿಗಳು ತಲೆಮಾರುಗಳಿಂದ ಇರುವ ಹಾಡಿಗೆ ನೋಟಿಸ್ ಅಂಟಿಸಿ, ರೆಸಾರ್ಟ್‌ಗೆ ಮಾತ್ರ ಲೈಸೆನ್ಸ್ ಕೊಡುವ ಕಾನೂನಾದರೆ ನಾನೂ ಅದನ್ನು ವಿರೋಧಿಸುತ್ತೇನೆ. ನಿಯಮ ಮೊದಲು ಬಿಗಿಯಾಗಬೇಕಾದದ್ದು ಹಣ ಪಡೆದು ಜನರನ್ನು ಇಳಿಸಿಕೊಳ್ಳುವವರ ಮೇಲೆ: ನೋಟಕ್ಕೆಂದು ಇಳಿಜಾರಿನ ತುದಿಯಲ್ಲಿ ನಿಲ್ಲಿಸಿದ ಮರದ ಕಾಟೇಜು, ಹುಲ್ಲು ಹೊದಿಸಿದ ಗುಡಿಸಲು, ಬಟ್ಟೆಯ ಟೆಂಟು. 2004ರ ಜುಲೈನಲ್ಲಿ ಕುಂಭಕೋಣಂನ ಶಾಲೆಯಲ್ಲಿ ಹುಲ್ಲಿನ ಮಾಡಿಗೆ ಬೆಂಕಿ ಹತ್ತಿ 94 ಮಕ್ಕಳು ಸತ್ತ ಮೇಲೆ ಶಾಲೆಗಳಿಂದ ಅಂಥ ಮಾಡನ್ನು ತೆಗೆಸಿದ ರಾಜ್ಯ ಅದು. ಕಾಡಂಚಿನ ಪ್ರವಾಸಿಗೆ ಅದೇ ಮಾಡನ್ನು ಅಲಂಕಾರವೆಂದು ಮಾರಲು ಬಿಡಬಾರದು. ಹಾಡಿಗಳಿಗೆ ಬೇಕಾದದ್ದು ದಂಡವಲ್ಲ. ಸರ್ಕಾರದ ಖರ್ಚಿನಲ್ಲಿ ಹೆಂಚು, ನೀರಿನ ತೊಟ್ಟಿ ಮತ್ತು ಊರಿನಿಂದ ಹೊರಬೀಳಲು ಎರಡನೆಯ ದಾರಿ. ಒಂದೇ ದಾರಿ ಇದ್ದು ಅದೂ ಹುಲ್ಲಿನ ನಡುವೆಯೇ ಹಾದಿದ್ದರೆ, ಮನೆ ಎಷ್ಟು ಭದ್ರವಾಗಿದ್ದರೂ ಒಳಗಿನವರು ಸಿಕ್ಕಿಬೀಳುತ್ತಾರೆ.

ಹುಲ್ಲಿನ ಮಾತು ಬಂದಾಗ ತೇನಿ ಜಿಲ್ಲೆಯ ಕಂಬಂ ಕಣಿವೆಯ ದನಗಳನ್ನು ಮರೆಯಲಾಗದು. ಮನೆಯಲ್ಲಿ ಇಂದಿಗೂ ಕನ್ನಡ ಆಡುವ ಒಕ್ಕಲಿಗರಿರುವ ಕಣಿವೆ ಅದು. ಅಲ್ಲಿನ ‘ಮಲೆಮಾಡು’ ಎಂಬ ಬೆಟ್ಟದ ದನಗಳ ಹಿಂಡುಗಳು ಬೆಟ್ಟದಲ್ಲೇ ಮೇಯ್ದು ಬೆಳೆದವು. 2022ರಲ್ಲಿ ಮದ್ರಾಸ್ ಹೈಕೋರ್ಟ್ ಅಭಯಾರಣ್ಯ ಮತ್ತು ಹುಲಿ ಮೀಸಲು ಪ್ರದೇಶಗಳಲ್ಲಿ ಮೇಯಿಸುವುದನ್ನು ನಿಷೇಧಿಸಿತು. ಆ ವಿವಾದದ ಸರಿತಪ್ಪು ಇಲ್ಲಿ ಬೇಡ. ಮೀಸಲಿನ ಹೊರಗೆ, ಊರಿನ ಅಂಚಿನಲ್ಲಿ ಒಣಗುವ ಹುಲ್ಲನ್ನು ಜನವರಿಯೊಳಗೆ ಕೊಯ್ದು ಒಯ್ಯಲು ದನಗಾಹಿಗಳಿಗೆ ಪಂಚಾಯಿತಿಯೇ ಕೂಲಿ ಕೊಟ್ಟರೆ, ದನಕ್ಕೆ ಮೇವೂ ಆಯಿತು, ಊರಿಗೆ ಬೆಂಕಿರೇಖೆಯೂ ಆಯಿತು. ಆ ಕೂಲಿಗೆ ಬೇಕಾದ ಹಣವನ್ನು ರೆಸಾರ್ಟುಗಳ ಲೈಸೆನ್ಸ್ ನವೀಕರಣದ ಶುಲ್ಕದಿಂದ ತೆಗೆಯಬಹುದು. ಆ ನವೀಕರಣವನ್ನೂ ಕಡತ ನೋಡಿ ಮಾಡದೆ, ಬೇಸಿಗೆಗೆ ಮೊದಲು ಅಧಿಕಾರಿ ಹೋಗಿ ದಂಬೆ, ಸೂರು, ದಾರಿ ನೋಡಿ ಬಂದ ಮೇಲೆಯೇ ಮಾಡಬೇಕು.