ಹಳೇ ಕಾರು, ಹೊಸ ಬ್ರೇಕು

ನಮ್ಮ ಕಡೆ ಕಾರಿಗೆ ಎರಡೇ ಉಪಯೋಗ. ಒಂದು, ಬಾಡಿಗೆಗೆ ಹಿಡಿದು ಗಾಣಗಾಪುರಕ್ಕೋ ತುಳಜಾಪುರಕ್ಕೋ ಹೋಗಿ ಬರುವುದು. ಇನ್ನೊಂದು, ಸಾಲ ಮಾಡಿ ತಂದು ಹೂವಿನ ಹಾರ ಹಾಕಿ ಅಳಿಯನಿಗೆ ಒಪ್ಪಿಸುವುದು. ಎರಡನೆಯದನ್ನು ಕಾಯ್ದೆ 1961ರಲ್ಲೇ ನಿಷೇಧಿಸಿದೆ. ಆದರೂ ಅದನ್ನು ಯಾರೂ ಹುಚ್ಚು ಎನ್ನುವುದಿಲ್ಲ. ವಾಡಿಯಲ್ಲೋ ಶಹಾಬಾದಿನಲ್ಲೋ ಐಟಿಐ ಓದಿದ ಹುಡುಗನೊಬ್ಬ ಹಳೇ ಕಾರೊಂದನ್ನು ಕೊಂಡು ರೇಸಿಗೆ ಕಟ್ಟುತ್ತೇನೆ ಎನ್ನಲಿ, ಆಗ ನೋಡಿ ಮನೆಯಲ್ಲಿ ಗಲಾಟೆ! "ಹುಚ್ಚು ಹಿಡದದೇನೋ ನಿನಗ? ರೊಕ್ಕ ಗಿಡದಾಗ ಬೆಳೀತದೇನು?"

ಇದೇ ಹುಡುಗ ಬೈಕಿನ ಸೈಲೆನ್ಸರ್ ಬಿಚ್ಚಿಸಿ, ಸೇಡಂ-ಚಿತ್ತಾಪುರ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ನಡುವೆ ಗೆಳೆಯರೊಂದಿಗೆ ಪೈಪೋಟಿ ನಡೆಸಿದಾಗ ಈ ಗಲಾಟೆ ಇರುವುದಿಲ್ಲ. "ಹುಷಾರ್ ಹೋಗಪಾ" ಎಂದರೆ ತಾಯಿಯ ಕರ್ತವ್ಯ ಮುಗಿಯಿತು. ನನ್ನ ತಕರಾರು ಇರುವುದು ಇಲ್ಲಿಯೇ. ನಾವು ತಡೆಯಬೇಕಾದದ್ದನ್ನು ಬಿಟ್ಟು, ಕೂತು ಲೆಕ್ಕ ಹಾಕಬೇಕಾದದ್ದನ್ನು ತಡೆಯುತ್ತಿದ್ದೇವೆ.

ರಸ್ತೆಯ ರೇಸು ಆಟವಲ್ಲ, ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲ ಸಿಕ್ಕಿಬಿದ್ದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹದಿನೆಂಟು ತುಂಬದ ಮಗ ಗಾಡಿ ಓಡಿಸಿ ಅಪರಾಧ ಮಾಡಿದರೆ ತಂದೆ ತಾಯಿಗೂ ಶಿಕ್ಷೆಯುಂಟು: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಮೊಬೈಲ್ ಕೊಡಿಸಿದಷ್ಟೇ ಸಲೀಸಾಗಿ ಬೈಕ್ ಕೊಡಿಸುವ ಅಕ್ಕಂದಿರು ಇದನ್ನು ಎರಡು ಸಲ ಓದಬೇಕು.

ಟ್ರ್ಯಾಕ್ ಬೇರೆಯೇ ಮಾತು. ದಕ್ಷಿಣದಲ್ಲಿ ಇದಕ್ಕೆ ಹಳೆಯ ಪರಂಪರೆಯೇ ಇದೆ. ಮದರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿದ್ದು 1953ರಲ್ಲಿ. ಆ ಕಾಲದಲ್ಲಿ ಚೋಳಾವರಂನ ಹಳೆಯ ವಿಮಾನಪಟ್ಟಿಯ ಮೇಲೆ ಕಾರು ಓಡಿಸುತ್ತಿದ್ದರು. 1990ರಲ್ಲಿ ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈನಲ್ಲಿ ಅದಕ್ಕೆಂದೇ ಟ್ರ್ಯಾಕ್ ಆಯಿತು. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ. ಎದುರಿಗೆ ಲಾರಿ ಬರುವುದಿಲ್ಲ, ಎಮ್ಮೆ ಅಡ್ಡ ಬರುವುದಿಲ್ಲ. ತಿರುವಿನಲ್ಲಿ ಬಾವುಟ ಹಿಡಿದವರಿರುತ್ತಾರೆ, ಆಂಬುಲೆನ್ಸ್ ಸಿದ್ಧ ನಿಂತಿರುತ್ತದೆ. ಕಾರನ್ನು ಪರೀಕ್ಷಿಸಿದ ಮೇಲೆಯೇ ಒಳಗೆ ಬಿಡುತ್ತಾರೆ. ಅಪಾಯವೇ ಇಲ್ಲವೆಂದು ಹೇಳುವುದಿಲ್ಲ. ಅಪಾಯವನ್ನು ಅಳೆದು, ಬೇಲಿ ಹಾಕಿ ಆಡುವ ಆಟ ಅದು.

ಇನ್ನು ರೊಕ್ಕದ ಮಾತು. ರೇಸ್ ಎಂದರೆ ಲಕ್ಷಾಂತರದ ವಿದೇಶಿ ಕಾರು ಎಂದುಕೊಂಡವರು ಮಾರುತಿ 800ನ್ನು ನೆನೆಯಬೇಕು. 1983ರಲ್ಲಿ ಬಂದು 2014ರಲ್ಲಿ ತಯಾರಿಕೆ ನಿಂತ ಈ ಕಾರಿನ ಎಂಜಿನ್ 796 ಸಿಸಿ, ತೂಕ ಸುಮಾರು 650 ಕಿಲೋ. ಮುಂದೆ 2005ರಲ್ಲಿ ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯ ನರೇನ್ ಕಾರ್ತಿಕೇಯನ್ ರೇಸಿಗೆ ಇಳಿದದ್ದು ಫಾರ್ಮುಲಾ ಮಾರುತಿಯಲ್ಲಿ. 993 ಸಿಸಿಯ ಝೆನ್, 1298 ಸಿಸಿಯ ಎಸ್ಟೀಮ್ ಕೂಡ ಬಡಪಾಯಿ ಕಾರುಗಳಲ್ಲ. ಎಸ್ಟೀಮ್ ನಮ್ಮ ದೇಶದ ರೇಸುಗಳಲ್ಲಿ ಬಹಳ ಕಾಲ ಓಡಿದೆ.

ಆದರೆ ಯಾವ ಹಳೇ ಕಾರು? ಎತ್ತು ಕೊಳ್ಳುವಾಗ ನಮ್ಮ ಹಿರಿಯರು ಹಲ್ಲು ನೋಡುತ್ತಿದ್ದರು, ಗೊರಸು ನೋಡುತ್ತಿದ್ದರು. ಕೊಂಬಿನ ಬಣ್ಣಕ್ಕೆ ಮರುಳಾಗುತ್ತಿರಲಿಲ್ಲ. ಇಲ್ಲಿಯೂ ಅಷ್ಟೆ. ಹೊಳಪು, ಸೀಟಿನ ಕವರು, ಹಾಡಿನ ಪೆಟ್ಟಿಗೆ ನೋಡಬೇಡಿ. ಅವನ್ನೆಲ್ಲ ಹೇಗೂ ಕಿತ್ತು ಹಾಕುವುದೇ. ಮೈ ನೆಟ್ಟಗಿದೆಯೇ ನೋಡಿ. ಒಂದು ಅಯಸ್ಕಾಂತ ಒಯ್ಯಿರಿ. ತಗಡಿನ ಮೇಲೆ ಅದು ಅಂಟದ ಕಡೆ ಪುಟ್ಟಿ ಮೆತ್ತಿದ್ದಾರೆಂದು ತಿಳಿಯಿರಿ. ತಳಕ್ಕೆ ತುಕ್ಕು ಹಿಡಿದ ಕಾರು, ಅಪಘಾತದಲ್ಲಿ ಮೈ ಸೊಟ್ಟಾದ ಕಾರು ಪುಕ್ಕಟೆ ಕೊಟ್ಟರೂ ಬೇಡ. ಹೊಗೆ ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದು ಕಟ್ಟಿದ್ದರೆ ಎಂಜಿನ್ನಿಗೆ ನೀರು ಸೇರಿರಬಹುದು. ನಮ್ಮ ಫರಸಿ ಲಾರಿಗಳು ಕೆಡಿಸಿದ ರಸ್ತೆಯಲ್ಲಿ ಓಡಿದ ಕಾರಾದರೆ ಸಸ್ಪೆನ್ಷನ್ ಸವೆದಿರುತ್ತದೆ, ಆ ಖರ್ಚನ್ನು ಮೊದಲೇ ಬೆಲೆಯಲ್ಲಿ ಮುರಿದುಕೊಳ್ಳಿ. ಬಿಡಿಭಾಗ ಕಲಬುರಗಿಯಲ್ಲಿ ಸಿಗುವ ಕಾರೇ ಇರಲಿ. ಎಲ್ಲಕ್ಕಿಂತ ಮೊದಲು ರೇಸಿನ ನಿಯಮ ಪುಸ್ತಕ ಓದಲಿ. ಯಾವ ವರ್ಗದಲ್ಲಿ ಯಾವ ಕಾರಿಗೆ ಅವಕಾಶವಿದೆ ಎಂದು ತಿಳಿಯದೆ ಕೊಂಡ ಕಾರು ಅಂಗಳದಲ್ಲಿ ಕೋಳಿಗಳಿಗೆ ಮನೆಯಾದೀತು.

ತಾಯಂದಿರು ಗಟ್ಟಿಯಾಗಿ ನಿಲ್ಲಬೇಕಾದ ಜಾಗ ಮುಂದಿದೆ. ಕೈಯಲ್ಲಿರುವ ಹಣವನ್ನೆಲ್ಲ ಕಾರಿಗೇ ಸುರಿಯಲು ಬಿಡಬೇಡಿ. ಅರ್ಧಕ್ಕಿಂತ ಹೆಚ್ಚು ಹಣ ಕಾರು ಕೊಂಡ ಮೇಲೂ ಉಳಿಯಬೇಕು. ಒಳಗೆ ಬೆಸೆಯುವ ಉಕ್ಕಿನ ಕೊಳವೆಯ ಪಂಜರ, ರೇಸಿನ ಸೀಟು ಮತ್ತು ಬೆಲ್ಟು, ಹೆಲ್ಮೆಟ್, ಬೆಂಕಿ ಆರಿಸುವ ಸಿಲಿಂಡರು, ಟೈರು, ಬ್ರೇಕು: ಇವೆಲ್ಲ ಹೊಸವೇ ಆಗಬೇಕು. ಏಳನೇ ತರಗತಿಯ ಹುಡುಗಿಗೂ ಅರ್ಥವಾಗುವ ಗಣಿತ ಇದು: ವೇಗ ಎರಡು ಪಟ್ಟಾದರೆ ಬ್ರೇಕು ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟು. ನಮ್ಮ ಹುಡುಗರು ಮೊದಲು ಎಂಜಿನ್ನಿಗೆ ಕೈ ಹಾಕುತ್ತಾರೆ, ಬ್ರೇಕು ಕೊನೆಗೆ ನೆನಪಾಗುತ್ತದೆ. ಈ ಕ್ರಮವನ್ನು ತಿರುಗಿಸುವ ಅಧಿಕಾರ ರೊಕ್ಕ ಕೊಡುವವರಿಗಿದೆ. ಬ್ರೇಕಿಗೆ ಹಣವಿಲ್ಲವೆಂದರೆ ಕಾರೂ ಇಲ್ಲ. ಅಷ್ಟೇ.

ಹೀಗೆ ಕಟ್ಟಿದ ಕಾರು ಮತ್ತೆ ಊರ ರಸ್ತೆಗೆ ಇಳಿಯಬಾರದು. ತಯಾರಕರು ಕೊಟ್ಟ ಮೂಲ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಟ್ರ್ಯಾಕಿಗೆ ಅದು ಲಾರಿಯ ಮೇಲೆ ಹೋಗಲಿ.

"ಇದೆಲ್ಲ ಶ್ರೀಮಂತರ ಶೋಕಿ ಅಲ್ಲೇನ್ರೀ ಟೀಚರ್?" ಎಂದು ಕೇಳುವಿರಿ. ಅಗ್ಗವೆಂದು ನಾನು ಹೇಳುವುದಿಲ್ಲ. ಟೈರು ಸವೆಯುತ್ತದೆ, ಪ್ರವೇಶ ಶುಲ್ಕವಿದೆ, ಸಾಗಣೆ ಖರ್ಚಿದೆ. ಅದಕ್ಕೇ ಮೊದಲು ವಾಡಿ ಜಂಕ್ಷನ್ನಿನಲ್ಲಿ ಚೆನ್ನೈ ರೈಲು ಹತ್ತಿ, ಬರಿಗೈಯಲ್ಲಿ ಹೋಗಿ ನೋಡಿ ಬರಲಿ. ನಾಲ್ಕು ಜನ ಗೆಳೆಯರು ಸೇರಿ ಒಂದೇ ಕಾರು ಕಟ್ಟಲಿ. ಅಳಿಯನ ಕಾರಿನ ಕಂತು ಕಟ್ಟುವ ಮನೆಗೆ ಸಿಗುವುದು ರಸೀದಿ ಮಾತ್ರ. ಹಳೇ ಕಾರನ್ನು ಬಿಚ್ಚಿ ಕಟ್ಟಿದವನಿಗೆ ರೇಸಿನಲ್ಲಿ ಸೋತರೂ ಕೈಯಲ್ಲೊಂದು ವಿದ್ಯೆ ಉಳಿಯುತ್ತದೆ.

ಇಷ್ಟು ಹೊತ್ತು ಮಗ, ಹುಡುಗ ಎಂದೇ ಬರೆದೆ, ನೀವೂ ಹಾಗೇ ಓದಿದಿರಿ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬೈಕಿನಲ್ಲಿ ಮಹಿಳೆಯರ ವಿಶ್ವಕಪ್ಪನ್ನೇ ಗೆದ್ದು ಬಂದಳು. ನಾಳೆ ಚಿಂಚೋಳಿಯ ಮನೆಯೊಂದರಲ್ಲಿ ಮಗಳು ಸ್ಪ್ಯಾನರ್ ಕೇಳಿದರೆ ಬೈಯುವ ಮೊದಲು ಒಂದೇ ಪ್ರಶ್ನೆ ಕೇಳಿ: "ಬ್ರೇಕಿಗೆ ಎಷ್ಟು ತೆಗೆದಿಟ್ಟೀ, ಮಗಳ?"