ಕೆಟ್ಟದ್ದು ಅಂಚು, ಕೊರೆಯುವುದು ಇಡೀ ಹಲ್ಲನ್ನು

ಪಾದರಸ ಬೆರೆತ ಬೆಳ್ಳಿಬಣ್ಣದ ಫಿಲ್ಲಿಂಗ್‌ನ ಕಾಲ ಮುಗಿಯುತ್ತಿದೆ. ಐರೋಪ್ಯ ಒಕ್ಕೂಟವು 2025ರ ಜನವರಿಯಿಂದ, ವೈದ್ಯಕೀಯ ಅನಿವಾರ್ಯತೆಯ ಸಂದರ್ಭಗಳನ್ನು ಬಿಟ್ಟು, ಅದರ ಬಳಕೆಯನ್ನು ನಿಷೇಧಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಜಿನೀವಾದಲ್ಲಿ ಸೇರಿದ್ದ ಮಿನಮಾಟಾ ಒಡಂಬಡಿಕೆಯ ರಾಷ್ಟ್ರಗಳು 2034ರ ವೇಳೆಗೆ ಅದನ್ನು ಸಂಪೂರ್ಣವಾಗಿ ಕೈಬಿಡಲು ಒಪ್ಪಿದವು. 2018ರಲ್ಲಿ ಈ ಒಡಂಬಡಿಕೆಯನ್ನು ಅನುಮೋದಿಸಿದ ಭಾರತಕ್ಕೂ ಇದು ಅನ್ವಯಿಸುತ್ತದೆ. ಪರಿಸರದ ದೃಷ್ಟಿಯಿಂದ ಇದು ಸ್ವಾಗತಾರ್ಹ ನಿರ್ಧಾರ. ಆದರೆ ಅದರ ಸ್ಥಾನವನ್ನು ಆಕ್ರಮಿಸುತ್ತಿರುವ ಹಲ್ಲಿನ ಬಣ್ಣದ ಕಾಂಪೊಸಿಟ್ ಫಿಲ್ಲಿಂಗ್ ಕೆಟ್ಟಾಗ ಏನು ಮಾಡಬೇಕೆಂಬ ಪ್ರಶ್ನೆ ನಮ್ಮಲ್ಲಿ ಚರ್ಚೆಗೇ ಬಂದಿಲ್ಲ.

ಈ ಫಿಲ್ಲಿಂಗ್‌ಗೆ ಬುನಾದಿ ಬಿದ್ದದ್ದು ಅಮೆರಿಕದಲ್ಲಿ. ಆಮ್ಲ ಸವರಿದ ಎನಾಮೆಲ್‌ಗೆ ರಾಳ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ ಎಂಬುದನ್ನು 1955ರಲ್ಲಿ ಮೈಕೆಲ್ ಬ್ಯುನೊಕೋರ್ ತೋರಿಸಿಕೊಟ್ಟರು. ಇಂದಿಗೂ ಬಳಕೆಯಲ್ಲಿರುವ ರಾಳದ ಮೂಲರೂಪಕ್ಕೆ 1962ರಲ್ಲಿ ರಾಫೆಲ್ ಬೋವೆನ್ ಪೇಟೆಂಟ್ ಪಡೆದರು. ಈ ವಸ್ತುವಿಗೆ ಒಂದು ಹುಟ್ಟುಗುಣವಿದೆ. ನೀಲಿ ಬೆಳಕಿನಡಿ ಗಟ್ಟಿಯಾಗುವಾಗ ಇದು ಶೇಕಡಾ 2–3ರಷ್ಟು ಕುಗ್ಗುತ್ತದೆ. ಹಲ್ಲಿಗೂ ಫಿಲ್ಲಿಂಗ್‌ಗೂ ನಡುವಿನ ಅಂಚಿನ ಮೇಲೆ ಇದರಿಂದ ಒತ್ತಡ ಬೀಳುತ್ತದೆ. ವರ್ಷಗಳು ಕಳೆದಂತೆ ಅಲ್ಲಿ ಕಾಫಿಯ ಕಲೆ ಕೂರಬಹುದು, ಮೂಲೆ ಚಕ್ಕೆ ಏಳಬಹುದು, ಮತ್ತೆ ಹುಳುಕು ಹತ್ತಬಹುದು.

ಆಗ ರೂಢಿಯ ಉತ್ತರ ಒಂದೇ: ಹಳೆಯದನ್ನು ಪೂರ್ತಿ ತೆಗೆದು ಹೊಸದನ್ನು ತುಂಬಿಸುವುದು. ತೊಡಕಿರುವುದು ಇಲ್ಲಿಯೇ. ಬೆಳ್ಳಿ ಫಿಲ್ಲಿಂಗ್ ತೆಗೆಯುವಾಗ ಲೋಹ ಎಲ್ಲಿ ಮುಗಿಯಿತು, ಹಲ್ಲು ಎಲ್ಲಿ ಆರಂಭವಾಯಿತು ಎಂಬುದು ಕಣ್ಣಿಗೆ ಕಾಣುತ್ತದೆ. ಕಾಂಪೊಸಿಟ್‌ನ ಬಣ್ಣ ಹಲ್ಲಿನದೇ; ಅಲ್ಲದೆ ಅದು ಹಲ್ಲಿಗೆ ಅಂಟಿಕೊಂಡಿರುತ್ತದೆ. ರೋಗಿ ಮೆಚ್ಚಿಕೊಂಡ ಗುಣವೇ ಡ್ರಿಲ್ ಹಿಡಿದ ವೈದ್ಯರಿಗೆ ಶತ್ರು. ಎಷ್ಟೇ ಎಚ್ಚರ ವಹಿಸಿದರೂ ಆರೋಗ್ಯವಂತ ಹಲ್ಲಿನ ಒಂದಿಷ್ಟು ಭಾಗ ಹೋಗಿಯೇ ಹೋಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಕೆಟ್ಟದ್ದು ಫಿಲ್ಲಿಂಗ್, ಶಿಕ್ಷೆ ಹಲ್ಲಿಗೆ. ಪ್ರತಿ ಬದಲಾವಣೆಯಲ್ಲೂ ಕುಳಿ ದೊಡ್ಡದಾಗಿ ಗೋಡೆ ತೆಳುವಾಗುತ್ತದೆ. ಕೆಲವು ಸುತ್ತಿನ ಬಳಿಕ ರೂಟ್ ಕೆನಾಲ್, ಅನಂತರ ಕ್ಯಾಪ್, ಕಡೆಗೆ ಹಲ್ಲನ್ನೇ ಕೀಳುವ ಸ್ಥಿತಿ ಬರಬಹುದು. ಎನಾಮೆಲ್ ಮತ್ತೆ ಬೆಳೆಯುವುದಿಲ್ಲ.

ದುರಸ್ತಿಯ ವಿಧಾನವೇನೂ ನಿಗೂಢವಲ್ಲ. ಕೆಟ್ಟ ಭಾಗವನ್ನಷ್ಟೇ ತೆಗೆದು, ಉಳಿದ ಹಳೆಯ ಕಾಂಪೊಸಿಟ್‌ನ ಮೇಲ್ಮೈಯನ್ನು ಒರಟಾಗಿಸಿ, ಅಂಟು ಹಚ್ಚಿ, ಹೊಸ ಪದರ ಕೂರಿಸಿದರಾಯಿತು. ಬರೀ ಕಲೆಯಾದರೆ ಹೊಳಪು ಕೊಟ್ಟರೂ ಸಾಕು. ಹುಳುಕು ಫಿಲ್ಲಿಂಗ್‌ನ ಅಡಿಗೆಲ್ಲ ಹಬ್ಬಿದ್ದರೆ, ಫಿಲ್ಲಿಂಗ್ ಸಡಿಲಗೊಂಡಿದ್ದರೆ, ಬದಲಾಯಿಸದೆ ಗತಿಯಿಲ್ಲ; ಅದನ್ನು ತಿಳಿಯಲು ಎಕ್ಸ್-ರೇ ಬೇಕು. ಆದರೆ ಅಂಚಿನ ಪ್ರತಿ ಕಪ್ಪು ಗೆರೆಯೂ ಹುಳುಕಲ್ಲ.

ವೈಜ್ಞಾನಿಕ ಪುರಾವೆ ಏನನ್ನುತ್ತದೆ? ಕಾಕ್ರೇನ್ ಸಂಸ್ಥೆ 2010ರಲ್ಲಿ, ಮತ್ತೆ 2014ರಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸಿದಾಗ ಅದರ ಕಟ್ಟುನಿಟ್ಟಿನ ಮಾನದಂಡಕ್ಕೆ ಒಪ್ಪುವ ಒಂದು ಪ್ರಯೋಗವೂ ಸಿಗಲಿಲ್ಲ. ಬದಲಾವಣೆಯೇ ಮೇಲು ಎನ್ನುವವರ ಕೈಯೂ ಬರಿದು ಎಂಬುದನ್ನು ಇಲ್ಲಿ ಮರೆಯಬಾರದು. ಚಿಲಿಯಲ್ಲಿ ಸುಮಾರು ಹತ್ತು ವರ್ಷ ನಡೆದ ಅನುಸರಣೆಯಲ್ಲಿ ದುರಸ್ತಿಯಾದವು ಬದಲಾಯಿಸಿದವುಗಳಿಗೆ ಸರಿಸಮನಾಗಿ ಬಾಳಿದವು. ನೆದರ್ಲೆಂಡ್ಸ್‌ನ ಚಿಕಿತ್ಸಾ ದಾಖಲೆಗಳು ದುರಸ್ತಿಯಿಂದ ಫಿಲ್ಲಿಂಗ್‌ನ ಆಯುಷ್ಯ ಹೆಚ್ಚುತ್ತದೆ ಎಂದವು. ವಿಶ್ವ ದಂತವೈದ್ಯ ಒಕ್ಕೂಟವು 2019ರಲ್ಲಿ ದುರಸ್ತಿಯ ಪರವಾಗಿ ನಿಲುವು ಪ್ರಕಟಿಸಿತು. ಪುರಾವೆ ಪೂರ್ಣವಾಗಿಲ್ಲದಿದ್ದಾಗ ಸಮರ್ಥನೆಯ ಹೊಣೆ ಹೆಚ್ಚು ಕೊರೆಯುವವರ ಮೇಲಿರಬೇಕೇ ಹೊರತು ಕಡಿಮೆ ಕೊರೆಯುವವರ ಮೇಲಲ್ಲ.

ಆದರೂ ರೂಢಿ ಬದಲಾಗದಿರಲು ವೈದ್ಯರ ಲಾಭದಾಸೆಯನ್ನಷ್ಟೇ ದೂರುವುದು ಸುಲಭದ ಮಾತಾದೀತು. ನಮ್ಮ ಆರೋಗ್ಯ ವಿಮೆಗಳಲ್ಲಿ ಬಹುಪಾಲು ಹೊರರೋಗಿ ದಂತಚಿಕಿತ್ಸೆಯ ವೆಚ್ಚವನ್ನು ಭರಿಸುವುದಿಲ್ಲ. ಕೈಯಿಂದ ಹಣ ತೆರುವ ರೋಗಿಗೆ 'ತೇಪೆ' ಎಂಬ ಮಾತೇ ಕೀಳಾಗಿ ಕೇಳಿಸುತ್ತದೆ. ಕಾಸು ಕೊಟ್ಟ ಮೇಲೆ ಹೊಸದೇ ಬೇಕೆನ್ನುತ್ತಾನೆ. ತೇಪೆ ಆರು ತಿಂಗಳಲ್ಲಿ ಕಿತ್ತುಬಂದರೆ ದೂಷಣೆ ಯಾರಿಗೆ? ಮತ್ತೊಬ್ಬರು ಕೂರಿಸಿದ, ಯಾವ ವಸ್ತುವೆಂದೇ ಗೊತ್ತಿಲ್ಲದ ಫಿಲ್ಲಿಂಗ್‌ನ ಹೊಣೆ ಹೊರಲು ಯಾವ ವೈದ್ಯರೂ ಹಿಂಜರಿಯುತ್ತಾರೆ. ಇನ್ನು ಶುಲ್ಕ. ನೋಡಿ, ಎಕ್ಸ್-ರೇ ಪರಿಶೀಲಿಸಿ, 'ಇದನ್ನು ಮುಟ್ಟುವುದು ಬೇಡ' ಎಂದು ಹೇಳುವ ವೈದ್ಯರ ವಿವೇಚನೆಗೆ ನಾವು ಕೊಡುವ ಬೆಲೆ ಅತ್ಯಲ್ಪ; ಕೊರೆದರೆ ಮಾತ್ರ ಬಿಲ್ಲು.

ನಲವತ್ತಕ್ಕೂ ಹೆಚ್ಚು ದಂತವೈದ್ಯ ಕಾಲೇಜುಗಳಿರುವ ಕರ್ನಾಟಕ ಈ ವಿಷಯದಲ್ಲಿ ಮೊದಲ ಹೆಜ್ಜೆ ಇಡಬಹುದು. ಕಾಲೇಜು ಆಸ್ಪತ್ರೆಗಳು ದುರಸ್ತಿಗೆ ಪ್ರತ್ಯೇಕ ಶುಲ್ಕ ಗೊತ್ತುಪಡಿಸಲಿ, ಬದಲಾಯಿಸುವ ಮುನ್ನ ಅದರ ಕಾರಣವನ್ನು ವಿದ್ಯಾರ್ಥಿ ಬರೆದಿಡುವಂತಾಗಲಿ. ಯಾವ ಹಲ್ಲಿಗೆ, ಯಾವ ದಿನ, ಯಾವ ವಸ್ತು ತುಂಬಲಾಯಿತು ಎಂಬ ಚೀಟಿಯೊಂದು ರೋಗಿಯ ಕೈಸೇರಿದರೆ, ಹತ್ತು ವರ್ಷದ ಬಳಿಕ ಬೇರೊಬ್ಬ ವೈದ್ಯರು ಅದನ್ನು ನೋಡಿ ಅಂಚನ್ನಷ್ಟೇ ಸರಿಪಡಿಸಲು ಧೈರ್ಯ ಮಾಡಿಯಾರು.