ಡಿಕ್ಕಿಯ ಲೆಕ್ಕ

ಎಸ್‌ಯುವಿ ಎಂಬ ಹೆಸರಿನ ಮೇಲೆ ನನಗೆ ಸಿಟ್ಟಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈಗ ನಮ್ಮಂಥ ತಾಲ್ಲೂಕು ಪಟ್ಟಣಗಳಲ್ಲಿಯೂ ಕಾರು ಕೊಳ್ಳುವುದೆಂದರೆ ಎಸ್‌ಯುವಿ ಕೊಳ್ಳುವುದು ಎಂದೇ ಆಗಿಹೋಗಿದೆ. ಮನೆಯ ಗಂಡಸರು ಅದರ ಎತ್ತರ, ಮುಂದಿನ ಜಾಲರಿ, ಚಾವಣಿಯಲ್ಲಿ ತೆರೆಯುವ ಕಿಟಕಿ ಇವುಗಳನ್ನೆಲ್ಲ ಬಾಯ್ತುಂಬ ವರ್ಣಿಸುತ್ತಾರೆ. “ಅದರಲ್ಲಿ ಏನೇನು ಹಿಡಿಯುತ್ತೆ?” ಎಂದು ಕೇಳಿ ನೋಡಿ. “ದೊಡ್ಡ ಗಾಡಿ ಕಣೇ, ಎಲ್ಲಾ ಹಿಡಿಯುತ್ತೆ” ಎಂಬ ಉತ್ತರ ಬರುತ್ತದೆ. ಆ ‘ಎಲ್ಲಾ’ ಎಂಬ ಮಾತಿನೊಂದಿಗೇ ನನ್ನ ಜಗಳ. ಅದನ್ನೆಲ್ಲ ಗಂಟು ಕಟ್ಟಿ, ಹೊತ್ತು ತಂದು, ಒಳಗೆ ತುರುಕುವವರು ನಾವು ತಾನೇ?

ಆ ಮೂರಕ್ಷರವನ್ನು ಬಿಡಿಸಿದರೆ ಸ್ಪೋರ್ಟ್ ಯುಟಿಲಿಟಿ ವೆಹಿಕಲ್ ಎಂದಾಗುತ್ತದೆ. ಸ್ಪೋರ್ಟ್ ಅಂದರೆ ಆಟ, ಯುಟಿಲಿಟಿ ಅಂದರೆ ಉಪಯೋಗ. ಆಟವೇನೋ ಓಡಿಸುವವರ ಪಾಲಿಗೆ ಬಂತು. ಉಪಯೋಗ ಮಾತ್ರ ನಮ್ಮ ಪಾಲಿಗೆ ಇನ್ನೂ ಬರಬೇಕಾಗಿದೆ.

ಈ ಗಾಡಿಗಳಲ್ಲಿ ಚಿಕ್ಕದು, ನಡುವಿನದು, ದೊಡ್ಡದು ಎಂಬ ವರ್ಗಗಳಿವೆಯಲ್ಲ, ಅವು ನಮ್ಮ ಗಂಟುಮೂಟೆಗಳನ್ನು ನೋಡಿ ಹುಟ್ಟಿದವಲ್ಲ, ತೆರಿಗೆಯ ಕಡತದಲ್ಲಿ ಹುಟ್ಟಿದವು. 2006ರ ಕೇಂದ್ರ ಬಜೆಟ್ಟಿನಲ್ಲಿ 4 ಮೀಟರ್ ಮೀರದ ಉದ್ದವೂ, 1200 ಸಿಸಿ ಮೀರದ ಪೆಟ್ರೋಲ್ ಅಥವಾ 1500 ಸಿಸಿ ಮೀರದ ಡೀಸೆಲ್ ಎಂಜಿನ್ನೂ ಇರುವ ಕಾರುಗಳಿಗೆ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಿದರು. 2013ರಲ್ಲಿ ಎಸ್‌ಯುವಿಗಳ ಸುಂಕವನ್ನು 27ರಿಂದ 30ಕ್ಕೆ ಏರಿಸಿದರು. 2023ರ ಜುಲೈ ತಿಂಗಳಲ್ಲಿ ಜಿಎಸ್‌ಟಿ ಮಂಡಳಿ ಇನ್ನೂ ಬಿಗಿಮಾಡಿತು. ಉದ್ದ 4 ಮೀಟರಿಗಿಂತ ಹೆಚ್ಚು, ಎಂಜಿನ್ 1500 ಸಿಸಿಗಿಂತ ಹೆಚ್ಚು, ನೆಲದಿಂದ ಎತ್ತರ 170 ಮಿಲಿಮೀಟರ್ ಅಥವಾ ಹೆಚ್ಚು ಇದ್ದರೆ ಗಾಡಿಯ ಹೆಸರು ಏನೇ ಇರಲಿ, ಸೆಸ್ ಶೇಕಡಾ 22. ಆ ಎತ್ತರವನ್ನು ಗಾಡಿ ಖಾಲಿಯಿದ್ದಾಗ ಅಳೆಯಬೇಕೆಂದೂ ಹೇಳಿತು. 2025ರ ಸೆಪ್ಟೆಂಬರ್ 22ರಿಂದ ಸೆಸ್ ಹೋಗಿ, ಪೆಟ್ರೋಲ್ ಡೀಸೆಲ್ ಕಾರುಗಳಲ್ಲಿ ಚಿಕ್ಕವಕ್ಕೆ ಶೇಕಡಾ 18, ಮಿಕ್ಕವಕ್ಕೆ 40 ಎಂದಾಗಿದೆ.

ಉದ್ದ ಅಳೆದರು, ಎಂಜಿನ್ ಅಳೆದರು, ನೆಲದಿಂದ ಎತ್ತರ ಅಳೆದರು. ಡಿಕ್ಕಿಯನ್ನು ಯಾರಾದರೂ ಅಳೆದರೇ? ಅಳೆದದ್ದೂ ಖಾಲಿ ಗಾಡಿಯನ್ನು! ಸಂಸಾರಸ್ಥರ ಗಾಡಿ ಖಾಲಿಯಾಗಿ ಎಲ್ಲಿಗಾದರೂ ಹೊರಟದ್ದುಂಟೇ?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಕಾರು ತಯಾರಿಸುವವರು ಸರಕಾರ ಹಾಸಿದ 4 ಮೀಟರ್ ಹಾಸಿಗೆಗೆ ಸರಿಯಾಗಿ ಕಾಲು ಮಡಿಸಿದರು. 2016ರಲ್ಲಿ ಬಂದ ವಿಟಾರಾ ಬ್ರೆಝಾ 3995 ಮಿಲಿಮೀಟರ್, 2017ರ ನೆಕ್ಸಾನ್ 3994, 2019ರ ವೆನ್ಯೂ 3995. ಎಲ್ಲವೂ ಗೆರೆಯ ಅಂಚಿಗೆ ಬಂದು ನಿಂತವು. ಎಂಜಿನ್ ಮುಂದೆ ಇರಲೇಬೇಕು, ಕೂರುವವರು ನಡುವೆ ಇರಲೇಬೇಕು. ಉದ್ದ ಉಳಿಸಬೇಕೆಂದರೆ ಕತ್ತರಿ ಎಲ್ಲಿ ಬೀಳುತ್ತದೆ? ಹಿಂದೆ. ಡಿಕ್ಕಿ ಎಂಬ ಮಾತಿಗೆ ನಮ್ಮಲ್ಲಿ ಗುದ್ದು ಎಂಬ ಅರ್ಥವೂ ಇದೆ. ಈ ಗುದ್ದು ಬಿದ್ದದ್ದು ನಮ್ಮ ಸಾಮಾನಿನ ಮೇಲೆ.

ವರ್ಗದ ಹೆಸರಿಗೂ ಜಾಗಕ್ಕೂ ಸಂಬಂಧವಿಲ್ಲ ಎನ್ನುವುದಕ್ಕೆ ಲೆಕ್ಕ ಕೊಡುತ್ತೇನೆ. ಬ್ರೆಝಾದ ಡಿಕ್ಕಿ 328 ಲೀಟರ್. ಅದಕ್ಕಿಂತ ಗೇಣು ಚಿಕ್ಕದಾದ, 3827 ಮಿಲಿಮೀಟರ್ ಉದ್ದದ ಪಂಚ್‌ನದು 366. ಹಿಂದೆ ಪೆಟ್ಟಿಗೆ ಚಾಚಿಕೊಂಡಿರುವ, ಹಳೆಯ ಕಾಲದ್ದೆಂದು ಹುಡುಗರು ಮೂಗುಮುರಿಯುವ ಸೆಡಾನ್‌ಗಳಲ್ಲಿ ಅಮೇಜ್ ಇದೆ. ಅದೂ 3995 ಮಿಲಿಮೀಟರ್, ಆದರೆ ಡಿಕ್ಕಿ 416 ಲೀಟರ್. ಇನ್ನು ಮೇಲಿನ ವರ್ಗಕ್ಕೆ ಹೋಗೋಣ. 4330 ಮಿಲಿಮೀಟರಿನ ಕ್ರೆಟಾಕ್ಕೆ 433 ಲೀಟರ್, ಕೆಳಗಿನ ವರ್ಗದ ಈಗಿನ ನೆಕ್ಸಾನ್‌ಗೆ 382. ವ್ಯತ್ಯಾಸ 51 ಲೀಟರ್. ಅಡುಗೆ ಗ್ಯಾಸಿನ 14.2 ಕಿಲೋ ಸಿಲಿಂಡರಿನ ಒಳಜಾಗ ಸುಮಾರು 33 ಲೀಟರ್. ಎಂದರೆ, ತೆರಿಗೆ 18ರಿಂದ 40ಕ್ಕೆ ನೆಗೆದಾಗ ಡಿಕ್ಕಿಯಲ್ಲಿ ನಮಗೆ ದಕ್ಕುವುದು ಒಂದೂವರೆ ಸಿಲಿಂಡರಿನಷ್ಟು ಜಾಗ. ಸೀಟಿನಲ್ಲಿ ಕೂತವರ ಮೊಣಕಾಲಿಗೆ, ಭುಜಕ್ಕೆ ಹೆಚ್ಚು ಜಾಗ ಸಿಗುತ್ತದೆ, ಒಪ್ಪುತ್ತೇನೆ. ಆದರೆ ಡಿಕ್ಕಿಯ ಮಾತೇ ಬೇರೆ.

ಈ ಲೀಟರಿನ ಲೆಕ್ಕವೂ ಹಾಲಿನ ಲೆಕ್ಕದಂತಲ್ಲ. ವಿಡಿಎ ಎಂಬ ಜರ್ಮನಿಯ ಪದ್ಧತಿಯಲ್ಲಿ 20 ಸೆಂಟಿಮೀಟರ್ ಉದ್ದ, 10 ಅಗಲ, 5 ಎತ್ತರದ ಅಚ್ಚುಗಳನ್ನು ಇಟ್ಟಿಗೆ ಜೋಡಿಸಿದಂತೆ ಡಿಕ್ಕಿಯೊಳಗೆ ಜೋಡಿಸುತ್ತಾರೆ. ಒಂದೊಂದು ಅಚ್ಚೂ ಒಂದು ಲೀಟರ್. ಚಕ್ರದ ಉಬ್ಬಿನ ಪಕ್ಕದ ಮೂಲೆಯಲ್ಲಿ ಅಂಥದೊಂದು ಅಚ್ಚು ಹಿಡಿದರೆ ಅದೂ ಲೆಕ್ಕಕ್ಕೆ ಬಂತು. ನಮ್ಮ ಸೂಟ್‌ಕೇಸನ್ನು, ಹಪ್ಪಳದ ಡಬ್ಬವನ್ನು ಹಾಗೆ ತುಂಡು ತುಂಡು ಮಾಡಿ ಇಡಲು ಬರುತ್ತದೆಯೇ? ಸೀಟಿನ ಬೆನ್ನಿನ ಎತ್ತರದವರೆಗೆ ಅಳೆದದ್ದೋ, ಚಾವಣಿಯವರೆಗೆ ಅಳೆದದ್ದೋ ಎಂಬುದೂ ಮುಖ್ಯ. “ಚಾವಣಿವರೆಗೂ ಪೇರಿಸಬಹುದಲ್ಲ” ಎನ್ನುವವರಿದ್ದಾರೆ. ಪೇರಿಸಿದರೆ ಓಡಿಸುವವರಿಗೆ ಹಿಂದಿನ ರಸ್ತೆ ಕಾಣುವುದಿಲ್ಲ. ಗಟ್ಟಿಯಾಗಿ ಬ್ರೇಕು ಹಾಕಿದರೆ ಮೇಲಿನ ಪೆಟ್ಟಿಗೆ ಹಿಂದಿನ ಸೀಟಿನ ಮಕ್ಕಳ ತಲೆಯ ಮೇಲೆ ಬರುತ್ತದೆ.

ಏಳು ಸೀಟಿನ ಗಾಡಿಗಳ ಕಥೆಯಂತೂ ಹೆಸರಿಗೆ ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬಂತಿದೆ. 2021ರಲ್ಲಿ ಬಂದ ಆಲ್ಕಝಾರ್ ನಾಲ್ಕೂವರೆ ಮೀಟರ್ ಉದ್ದದ್ದು. ಮೂರನೆಯ ಸಾಲಿನಲ್ಲಿ ಜನ ಕೂತರೆ ಹಿಂದೆ ಉಳಿಯುವುದು 180 ಲೀಟರ್. 2019ರ ಟ್ರೈಬರ್‌ನಲ್ಲಿ ಎಲ್ಲ ಸೀಟುಗಳೂ ಇದ್ದಾಗ ಉಳಿಯುವುದು 84 ಲೀಟರ್. ಮೂರನೆಯ ಸಾಲನ್ನು ಕಳಚಿಟ್ಟರೆ 625. ಜಾಹೀರಾತಿನಲ್ಲಿ ಏಳು ಜನರೂ ನಗುತ್ತಿರುತ್ತಾರೆ, 625 ಲೀಟರೂ ಇರುತ್ತದೆ. ಎರಡೂ ಒಟ್ಟಿಗೆ ಇರಲಾರವು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಹಾಸನದಿಂದ ಧರ್ಮಸ್ಥಳಕ್ಕೆ ಏಳು ಜನ ಹೊರಟಿರೆಂದರೆ ಬುತ್ತಿ, ಬಟ್ಟೆ, ನೀರಿನ ಕ್ಯಾನು ಎಲ್ಲಿ ಹೋಗಬೇಕು? ಮೂರನೆಯ ಸಾಲಿನಲ್ಲಿ ಮಂಡಿ ಎದೆಗೆ ಒತ್ತಿಕೊಂಡು ಕೂತವರ ತೊಡೆಯ ಮೇಲೆ. ಅಲ್ಲಿ ಕೂರುವವರು ಯಾರು? ಹೆಣ್ಣುಮಕ್ಕಳು, ಕೈಕೂಸುಗಳು. ಮನೆಯ ಯಜಮಾನರು ಅಲ್ಲಿ ಕೂತದ್ದನ್ನು ನೀವು ಕಂಡಿದ್ದರೆ ನನಗೆ ತಿಳಿಸಿ.

ಹಾಗೆಂದು ಈ ಗಾಡಿಗಳಲ್ಲಿ ಗುಣವೇ ಇಲ್ಲವೆನ್ನಲಾರೆ. ನಮ್ಮ ರಸ್ತೆಯ ಗುಂಡಿಗಳಿಗೆ ಎತ್ತರದ ಗಾಡಿ ಬೇಕು. ಮಂಡಿನೋವಿನ ಅತ್ತೆಯವರು ಕುಗ್ಗಿ ಕೂರದೆ ಸಲೀಸಾಗಿ ಹತ್ತಿ ಇಳಿಯಬಹುದು. ನಾನು ಕೇಳುವುದು ಇಷ್ಟೇ: ಎತ್ತರಕ್ಕೆ ಎತ್ತರದ ಬೆಲೆ ಕೊಡೋಣ, ಇಲ್ಲದ ಜಾಗಕ್ಕೆ ಏಕೆ ಕೊಡಬೇಕು?

ಒಂದು ಶೋರೂಮಿನಲ್ಲಿ ನಾನು ಡಿಕ್ಕಿ ತೆಗೆಸಿ ಅದರ ಬಾಯಿಯ ಅಗಲ ಎಷ್ಟೆಂದು ಕೇಳಿದೆ. ಆ ಹುಡುಗ ನಕ್ಕು, “ಅದೆಲ್ಲ ಸರ್ ನೋಡ್ಕೋತಾರೆ ಮೇಡಂ, ನಿಮಗೆ ಯಾವ ಬಣ್ಣ ಇಷ್ಟ?” ಎಂದ. ಹೆಂಗಸರಿಗೆ ಬಣ್ಣ, ಗಂಡಸರಿಗೆ ಎಂಜಿನ್ ಎಂದು ಅವರು ಆಗಲೇ ಪಾಲು ಮಾಡಿಬಿಟ್ಟಿದ್ದಾರೆ. ಈ ಪಾಲುಪಟ್ಟಿಗೆ ನಾವು ರುಜು ಹಾಕಬೇಕಾಗಿಲ್ಲ.

ಎಲ್ಲ ಸೀಟುಗಳಲ್ಲೂ ಜನ ಕೂತಾಗ ಎಷ್ಟು ಲೀಟರ್ ಉಳಿಯುತ್ತದೆ ಎಂಬುದನ್ನು, ಎಲ್ಲರೂ ಒಂದೇ ಪದ್ಧತಿಯಲ್ಲಿ ಅಳೆದು, ಬೆಲೆಯ ಪಕ್ಕದಲ್ಲೇ ಅಚ್ಚು ಹಾಕಬೇಕೆಂದು ಸರಕಾರ ಕಡ್ಡಾಯ ಮಾಡಲಿ. ಮಿಲಿಮೀಟರ್ ಲೆಕ್ಕ ಹಿಡಿದು ತೆರಿಗೆ ಹಾಕಲು ಬರುವವರಿಗೆ ಇದೇನು ಬ್ರಹ್ಮವಿದ್ಯೆಯಲ್ಲ. ಅಲ್ಲಿಯವರೆಗೆ, ಕಾರು ನೋಡಲು ಹೋಗುವಾಗ ಮನೆಯ ಅತಿ ದೊಡ್ಡ ಸೂಟ್‌ಕೇಸನ್ನು ಜೊತೆಗೆ ಒಯ್ಯಿರಿ. ನೀವೇ ಎತ್ತಿ ಒಳಗಿಡಿ. ಡಿಕ್ಕಿಯ ಹೊಸ್ತಿಲು ಸೊಂಟಕ್ಕಿಂತ ಮೇಲಿದ್ದರೆ ದಿನಸಿ ಮೂಟೆ ಎತ್ತುವಾಗ ನಿಮ್ಮ ಬೆನ್ನೇ ಹೇಳುತ್ತದೆ. ಸ್ಟೆಪ್ನಿ ಎಲ್ಲಿದೆ, ಪಂಕ್ಚರ್ ಆದರೆ ಸಾಮಾನೆಲ್ಲ ರಸ್ತೆಗೆ ಇಳಿಸಬೇಕೇ, ಸಿಎನ್‌ಜಿ ಗಾಡಿಯಾದರೆ ಸಿಲಿಂಡರ್ ಎಷ್ಟು ಜಾಗ ನುಂಗಿದೆ, ಇವೆಲ್ಲವನ್ನೂ ಕೇಳಿ. ಅವರು ನಕ್ಕರೆ ನಗಲಿ. ಐದೋ ಏಳೋ ವರ್ಷ ಕಂತು ಕಟ್ಟುವುದು ನಾವು. ಕಂತಿನ ದುಡ್ಡಿನಲ್ಲಿ ನಮ್ಮ ಸಂಬಳವೋ, ನಾವು ಮಿಗಿಸಿದ ಸಾಸಿವೆ ಡಬ್ಬಿಯ ದುಡ್ಡೋ ಇದ್ದೇ ಇರುತ್ತದೆ. ಬಣ್ಣ ಯಾವುದಾದರೂ ಆಗಲಿ, ಮೊದಲು ಜಾಗ ತೋರಿಸಿ ಎನ್ನಿ.